ತಪಾಸಣೆಯ ದಿನದ ಬೀಗ

ಮಾಸ್ತಮ್ಮಜ್ಜಿಯ ಕಥೆಯಲ್ಲಿ ಗಿರಿಜಾ ಲಾಂಚು ಇನ್ನೂ ಓಡುತ್ತಲೇ ಇತ್ತು. ಹಿನ್ನೀರಿನ ತಳದಲ್ಲಿ, ಮುಳುಗಿಹೋದ ಊರುಗಳ ಬೀದಿಬೀದಿಯಲ್ಲೂ ನಿಂತು, ಜನರನ್ನು ಹತ್ತಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿತ್ತು. ಜನ ಅಂದರೆ ಮೀನುಗಳು. ಒಂದು ಮುದಿ ಆಮೆಗೆ ಮಾತ್ರ ದಿನಾ ಕಿಟಕಿ ಪಕ್ಕದ ಸೀಟೇ ಆಗಬೇಕು, ಸಿಗದಿದ್ದರೆ ಮುನಿಸು. ಡ್ರೈವರ್ ಜಾಗದಲ್ಲಿ ಶೇಷಪ್ಪಜ್ಜ, ಹೆಗಲ ಮೇಲೆ ಕೆಂಪು ಟವೆಲ್ಲು. ಕಥೆ ಎಲ್ಲಿಂದ ಹೊರಟರೂ ಕೊನೆಗೆ ಲಾಂಚಿನ ಮೂತಿಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯ ಹತ್ತಿರ ಬಂದು ನಿಲ್ಲುತ್ತಿತ್ತು. ಅಲ್ಲಿಗೆ ಬಂದಾಗ ಅಜ್ಜಿಯ ದನಿ ತಗ್ಗುತ್ತಿತ್ತು, ಮಡಿಲಲ್ಲಿದ್ದ ಮೊಮ್ಮಗಳು ಇಂಪನಾ ಪ್ರಶ್ನೆ ಶುರು ಮಾಡುತ್ತಿದ್ದಳು.

"ಪೆಟ್ಟಿಗೆ ಒಳಗೆ ಏನಿತ್ತು?"

"ಹನ್ನೆರಡು ಟ್ಯೂಬು. ಲಾಂಚ್ ಮುಳುಗಿದ್ರೆ ಜನ ಹಿಡ್ಕಂಡು ತೇಲೋಕೆ."

"ಮೇಲೆ?"

"ಹಿತ್ತಾಳೆ ಬೀಗ. ನಿಮ್ಮಜ್ಜ ಇಂಜಿನ್ ಹ್ಯಾಂಡಲ್ ತಗಂಡು ಬಡಿದ್ರು, ಬಡಿದ್ರು, ಅಂಗೈ ಸುಲಿದುಹೋಯ್ತು. ಬೀಗ ಜಪ್ಪಯ್ಯ ಅನ್ಲಿಲ್ಲ."

"ಕೀಲಿ ಎಲ್ಲಿತ್ತು?"

"ಯಜಮಾನ್ರ ಮನೇಲಿ, ಗೊಂಚಲಲ್ಲಿ, ಬೆಚ್ಚಗೆ."

ಅವರಿದ್ದ ಭದ್ರಾವತಿಯ ಓಣಿಯಲ್ಲಿ, ಅಜ್ಜಿಯ ಮಡಿಲಿನಾಚೆ, ಬೇರೆಯದೇ ಕಥೆ ನಡೆಯುತ್ತಿತ್ತು. ಅದರಲ್ಲಿ ಆಮೆ ಇರಲಿಲ್ಲ. ಸಾವಿರದ ಒಂಬೈನೂರ ಎಂಬತ್ತೇಳರ ಒಂದು ಸಂತೆಯ ದಿನ, ಗಾಳಿಗೆ ಸಿಕ್ಕಿ ಗಿರಿಜಾ ಲಾಂಚು ಹಿನ್ನೀರಿನ ನಡುವೆ ಮುಳುಗಿತು. ಹನ್ನೊಂದು ಜನ ಸತ್ತರು. ಬದುಕಿದವರೆಲ್ಲ ಹಿಂಬದಿಯಲ್ಲಿದ್ದವರು, ಮೂತಿಯ ಕಡೆ ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ಡ್ರೈವರ್ ಶೇಷಪ್ಪ ಖಾಲಿ ಎಣ್ಣೆ ಡಬ್ಬಿಯೊಂದನ್ನು ಅಪ್ಪಿಕೊಂಡು ದಡ ಸೇರಿದ. ಲಾಂಚಿನ ಮಾಲೀಕರು ಹೊಳಲೂರಿನ ಪರಮೇಶ್ವರಪ್ಪ. ವಿಚಾರಣೆಯಲ್ಲಿ ಅವರು ಹೇಳಿದ್ದು ಮೂರೇ ಮಾತು: ಪೆಟ್ಟಿಗೆಗೆ ಬೀಗ ಅನ್ನುವುದೇ ಇರಲಿಲ್ಲ, ಡ್ರೈವರ್ ಕುಡಿದಿದ್ದ, ಒಂದು ಟ್ಯೂಬು ಎಳೆದುಕೊಂಡು ಎಲ್ಲರಿಗಿಂತ ಮೊದಲು ಹಾರಿದ. ಬಿಳಿ ಪಂಚೆಯವರ ಮಾತು ಕಾಗದಕ್ಕೆ ಇಳಿಯಿತು. ಎಣ್ಣೆ ಡಬ್ಬಿ ಜನರ ಬಾಯಲ್ಲಿ ಟ್ಯೂಬಾಯಿತು. ಶೇಷಪ್ಪ ಟ್ಯೂಬ್ ಶೇಷಪ್ಪನಾದ, ಮಗ ಟ್ಯೂಬ್ ಹಾಲೇಶನಾದ. ಇಂಪನಾ ಶಾಲೆಗೆ ಸೇರಿದಾಗ ಆ ಹೆಸರು ಅವಳಿಗಿಂತ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿತ್ತು. ಅವಳು ಪಕ್ಕದಲ್ಲಿ ಹಾದರೆ ಹುಡುಗರು ಕೆನ್ನೆ ಉಬ್ಬಿಸಿ "ಪುಸ್ಸ್" ಎಂದು ಗಾಳಿ ಬಿಡುತ್ತಿದ್ದರು.

ಆ ಸದ್ದು ಅವಳ ಕಿವಿಯಿಂದ ಇಳಿಯಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಅಪ್ಪನ ಕಣ್ಣು ತಪ್ಪಿಸಿ ಭದ್ರಾ ನಾಲೆಗೆ ಹಾರಿ ಈಜು ಕಲಿತಳು. ಹತ್ತೊಂಬತ್ತಕ್ಕೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಒಯ್ಯುವ ಡೈವಿಂಗ್ ದೋಣಿಯಲ್ಲಿ ಸಿಲಿಂಡರ್ ಹೊರುವ ಕೆಲಸಕ್ಕೆ ಸೇರಿದಳು. ಇಪ್ಪತ್ತಾರಕ್ಕೆ ಅದೇ ದೋಣಿಯಲ್ಲಿ ತರಬೇತುದಾರಳು. ನೀರೊಳಗೆ ಇಳಿದಾಗೆಲ್ಲ ಅವಳಿಗೆ ಅನ್ನಿಸುತ್ತಿದ್ದದ್ದು ಒಂದೇ: ಇದು ಉಪ್ಪು ನೀರು, ನನ್ನದು ಇನ್ನೂ ದೂರ ಇದೆ.

ದೂರ ಇದ್ದದ್ದು ಫೋನಿನಲ್ಲಿ ತಾನೇ ಬಂತು.

"ಮೇಡಂ, ನಾನು ಜ್ಞಾನೇಶ್ ಅಂತ, ಶಿವಮೊಗ್ಗ ರವೀಂದ್ರನಗರದಿಂದ. ಹಿನ್ನೀರಿನ ದಡದಲ್ಲಿ ನಮ್ದೊಂದು ರೆಸಾರ್ಟ್ ಬರ್ತಿದೆ. ನೀರೊಳಗೆ ಒಂದು ಹಳೇ ಲಾಂಚ್ ಇದೆ. ನಮ್ಮ ತಾತಂದೇ. ಜನಾನ ಡೈವಿಂಗ್ ಮಾಡಿಸಿ ತೋರಿಸ್ಬೇಕು ಅಂತ. ಪ್ಲಾನ್ ಮಾಡಿಕೊಡ್ತೀರಾ?"

ಇಂಪನಾ ಕೈಯಲ್ಲಿದ್ದ ಸಿಲಿಂಡರನ್ನು ಮೆಲ್ಲನೆ ಕೆಳಗಿಟ್ಟಳು. ಸಿಗ್ನಲ್ ಹೋಯಿತೆಂದು ಅವನು ಹಲೋ ಹಲೋ ಎನ್ನುತ್ತಿದ್ದ.

"ಬರ್ತೀನಿ," ಎಂದಳು.

*

ರವೀಂದ್ರನಗರದ ಮನೆಯಲ್ಲಿ ಜ್ಞಾನೇಶ್ ಲ್ಯಾಪ್‌ಟಾಪ್ ತೆರೆದು ದೂರದೇಶದ ಕೆರೆಗಳನ್ನು ತೋರಿಸಿದ. ಸಮುದ್ರದಂಥ ಸಿಹಿನೀರಿನ ಕೆರೆಗಳು, ಹಿಮದಷ್ಟು ತಣ್ಣಗೆ. ತಳದಲ್ಲಿ ನೂರು ವರ್ಷದ ಹಡಗುಗಳು, ಮೆಟ್ಟಿಲು, ಗಡಿಯಾರ, ತಟ್ಟೆ ಸಮೇತ.

"ನೋಡಿ ಮೇಡಂ, ಉಪ್ಪಿಲ್ಲ, ಮರ ತಿನ್ನೋ ಹುಳ ಇಲ್ಲ. ತಣ್ಣೀರು ಎಲ್ಲಾನೂ ಹಾಗ್ಹಾಗೇ ಇಟ್ಕಂಡಿರುತ್ತೆ. ನಮ್ಮೂರಿಗೆ ಬಂದೋರು ಸಕ್ರೆಬೈಲಲ್ಲಿ ಆನೆ ಸ್ನಾನ ನೋಡಿ ಮಧ್ಯಾಹ್ನಕ್ಕೆ ವಾಪಸ್ ಹೊರಡ್ತಾರೆ. ಎರಡನೇ ದಿನಕ್ಕೆ ಏನಾದ್ರೂ ಬೇಕಲ್ಲ?"

ತಣ್ಣೀರು ಎಲ್ಲವನ್ನೂ ಹಾಗೇ ಇಟ್ಟುಕೊಂಡಿರುತ್ತದೆ. ಆ ಮಾತನ್ನು ಇಂಪನಾ ಮನಸ್ಸಿನಲ್ಲಿ ಎರಡು ಸಲ ಹೊರಳಿಸಿದಳು. ಆಮೇಲೆ ನೋಟ್‌ಬುಕ್ ತೆಗೆದು ಕೆಲಸದ ಮಾತಿಗಿಳಿದಳು. ಮಾಘದಲ್ಲಿ ನೀರು ಇಳಿದಿರುತ್ತದೆ, ಲಾಂಚು ನಲವತ್ತೈದು ಅಡಿಯಲ್ಲಿ ಸಿಗಬಹುದು. ಮೇಲೆ ಬೆಚ್ಚಗಿದ್ದರೂ ಇಪ್ಪತ್ತೈದು ಅಡಿಯ ಕೆಳಗೆ ಗೆರೆ ಎಳೆದ ಹಾಗೆ ತಣ್ಣಗಾಗುತ್ತದೆ. ಸಮುದ್ರದ ತೆಳ್ಳನೆ ಸೂಟು ನಡೆಯದು, ದಪ್ಪನೆಯದು ಬೇಕು, ತಲೆಗೆ ಟೊಪ್ಪಿ, ಕೈಗೆ ಗವಸು. ಒಬ್ಬೊಬ್ಬರಿಗೆ ಎರಡೆರಡು ಟಾರ್ಚು. ಹಳೇ ಮರದ ಬೊಡ್ಡೆ, ಹರಿದ ಮೀನುಬಲೆ ಇರುತ್ತವೆ, ಆದ್ದರಿಂದ ಮೇಲಿಂದ ತಳದವರೆಗೆ ಹಗ್ಗ, ಹಗ್ಗ ಬಿಟ್ಟು ಯಾರೂ ಕದಲುವಂತಿಲ್ಲ. ಒಮ್ಮೆಗೆ ಇಬ್ಬರೇ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಿಲ್ಲ. ಮೇಲೆ ಬಂದವರಿಗೆ ಕಂಬಳಿ, ಬಿಸಿ ಕಷಾಯ. ಇಲಾಖೆಯ ಪರವಾನಗಿ ಜ್ಞಾನೇಶನ ಜವಾಬ್ದಾರಿ.

ಇಷ್ಟೂ ಬರೆದು, ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಅವನಿಗೆ ಕಾಣದಂತೆ ಒಂದೇ ಪದ ಬರೆದಳು: ಪೆಟ್ಟಿಗೆ.

ಕೋಲೂರಿಕೊಂಡು ಪರಮೇಶ್ವರಪ್ಪನವರು ಹೊರಬಂದರು. ಎಂಬತ್ನಾಲ್ಕು ವರ್ಷ, ಹಣೆ ತುಂಬ ವಿಭೂತಿ, ದನಿ ಮಾತ್ರ ಇನ್ನೂ ನಲವತ್ತರದು.

"ಹೆಣ್ಮಗು ನೀರಿಗಿಳಿಯೋದಾ! ಯಾವೂರಮ್ಮ?"

"ಭದ್ರಾವತಿ."

"ಯಾರ ಮಗಳು?"

"ಹಾಲೇಶ್ ಅಂತ. ಫ್ಯಾಕ್ಟರೀಲಿದ್ರು."

"ಫ್ಯಾಕ್ಟರೀಲಿ ಹಾಲೇಶ ಅಂತ ಕೂಗಿದ್ರೆ ನೂರು ಜನ ತಿರುಗಿ ನೋಡ್ತಾರೆ," ಎಂದು ನಕ್ಕು ಕೂತರು. ಆಮೇಲೆ ಯಾರೂ ಕೇಳದೆಯೇ ಕಥೆ ಶುರು ಮಾಡಿದರು. "ಚಿನ್ನದಂಥ ಲಾಂಚು. ಡ್ರೈವರ್ ನನ್ಮಗ ಸರಿ ಇರ್ಲಿಲ್ಲ. ಟ್ಯೂಬ್ ಶೇಷಪ್ಪ ಅಂತ. ಹನ್ನೆರಡು ಟ್ಯೂಬು ತಂದಿಟ್ಟಿದ್ದೆ, ಬಾಯಿ ತೆರೆದ ಪೆಟ್ಟಿಗೇಲಿ, ಕೈ ಹಾಕಿದ್ರೆ ಸಿಗೋ ಹಾಗೆ. ಒಬ್ಬರಿಗೂ ಕೊಡ್ದೆ ತಾನೊಬ್ನೇ ತಗಂಡು ಹಾರಿದ. ಅದನ್ನೂ ಬೋರ್ಡಲ್ಲಿ ಬರೆಸು ಜ್ಞಾನು, ಬಂದೋರು ಓದ್ಲಿ."

"ಬರೆಸ್ತೀವಿ ಯಜಮಾನ್ರೆ," ಎಂದಳು ಇಂಪನಾ. ಅವಳ ಪೆನ್ನು ಕಾಗದವನ್ನು ತೂತು ಮಾಡಿತ್ತು. "ಎಲ್ಲಾ ಬರೆಸ್ತೀವಿ."

ಅವರ ಹೆಂಡತಿ ಉಮಾಮಹೇಶ್ವರಮ್ಮ ಕಾಫಿ ತಂದರು. ಇಂಪನಾ ಲೋಟ ಹಿಡಿದು ನೋಡಿದಳು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಕ್ಷರ: ಹೊ.ಪ. ತಟ್ಟೆಯ ಮೇಲೂ ಹೊ.ಪ. ಮೂಲೆಯಲ್ಲಿದ್ದ ತಾಮ್ರದ ಕೊಡದ ಮೇಲೂ.

"ನಮ್ಮನೆಯವರಿಗೆ ಅದೊಂದು ಹುಚ್ಚು," ಎಂದು ಆಕೆ ನಕ್ಕರು. "ಪಾತ್ರೆ ಅಂಗಡಿಯವನನ್ನ ಕೂರಿಸ್ಕಂಡು ಕಂಡಕಂಡಿದ್ದಕ್ಕೆಲ್ಲ ಹೆಸರು ಹಾಕಿಸಿಬಿಡೋರು. ನಂಗೊಂದು ಹಾಕಿಸ್ಲಿಲ್ಲ ನೋಡು."

ಅಂದು ಶುಕ್ರವಾರ. ದೇವರ ಮನೆಯ ಬಾಗಿಲಲ್ಲಿ ತೊಳೆದು ಅರಿಶಿನ ಕುಂಕುಮ ಹಚ್ಚಿದ ಕೀಲಿಗೊಂಚಲು ತಟ್ಟೆಯಲ್ಲಿತ್ತು. ತೆಂಗಿನಕಾಯಿಯಷ್ಟು ದಪ್ಪದ ಗೊಂಚಲು.

"ಇಷ್ಟೊಂದು ಬೀಗ ಇದಾವಾ ಅಮ್ಮ ಮನೇಲಿ?"

"ಬೀಗ ಎಲ್ಲಿ ಬಂತು ತಾಯಿ, ಅರ್ಧಕ್ಕರ್ಧ ಬೀಗ ಹೋಗೇ ಎಷ್ಟೋ ವರ್ಷ ಆಯ್ತು. ಕೀಲಿ ಮಾತ್ರ ಎಸೀಬಾರ್ದು, ಲಕ್ಷ್ಮಿ ಅಲ್ವಾ. ನಮ್ಮತ್ತೆ ಕೊಟ್ಟದ್ದೂ ಇದ್ರಲ್ಲೇ ಇದಾವೆ."

ಇಂಪನಾ ಆ ಗೊಂಚಲಿಗೆ ಕೈಮುಗಿದಳು. ಉಮಾಮಹೇಶ್ವರಮ್ಮನಿಗೆ ಬಹಳ ಸಂತೋಷವಾಯಿತು.

*

"ಹೋಗ್ಬೇಡ," ಎಂದ ಹಾಲೇಶ್. ಬೆಳಗಿನ ತಿಂಡಿಯ ಹೊತ್ತು. ತಟ್ಟೆಯಲ್ಲಿ ರೊಟ್ಟಿ ಆರುತ್ತಿತ್ತು. "ಬೀಗ ಇಲ್ದೇ ಇದ್ರೆ?"

"ಇದೆ ಅಪ್ಪ."

"ಹೆಂಗೆ ಗೊತ್ತು? ಅವ್ವ ಹೇಳಿದ್ಲು ಅಂತ. ಅವ್ವ ಆಮೆಗೆ ಕಿಟಕಿ ಸೀಟು ಬೇಕು ಅಂತಾನೂ ಹೇಳಿದ್ಲು. ಇಷ್ಟು ದಿನ ನಮಗೆ ಇರೋದು ಅದೊಂದು ಕಥೆ. ನೀನು ಕೆಳಗೆ ಹೋಗಿ ನೋಡ್ದಾಗ ಪೆಟ್ಟಿಗೆ ಬಾಯಿ ತೆರೆದಿತ್ತು ಅಂದ್ರೆ? ಆಗ ಕಥೇನೂ ಇಲ್ಲ, ಅಪ್ಪಾನೂ ಇಲ್ಲ. ಊರವರು ಹೇಳಿದ್ದೇ ನಿಜ ಆಗುತ್ತೆ."

ಅಡುಗೆಮನೆಯಲ್ಲಿ ಅಜ್ಜಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಅಜ್ಜಿ ಹೊರಗೆ ಬಂದು ಹೌದೆಂದೋ ಅಲ್ಲವೆಂದೋ ಹೇಳುತ್ತಾಳೆಂದು ಇಂಪನಾ ಕಾದಳು. ಅಜ್ಜಿ ಬರಲಿಲ್ಲ. ತಟ್ಟುವ ಸದ್ದು ಮತ್ತೆ ಶುರುವಾಯಿತು.

"ನಿಜ ಆದ್ರೆ ಆಗ್ಲಿ. ಆಗ ನಾನೇ ಆ ಬೋರ್ಡ್ ಬರೀತೀನಿ," ಎಂದಳು ಇಂಪನಾ. "ಆದ್ರೆ ಬೀಗ ಇದ್ರೆ ಅಪ್ಪ, ಆ ಮುದುಕನ್ನ ನಾನು ಬಿಡಲ್ಲ. ಕೋರ್ಟು ಗೀರ್ಟು ಬೇಡ ನಂಗೆ. ಅವನ ಕೈಯಿಂದಲೇ ತೆಗೆಸ್ತೀನಿ, ನಾಲ್ಕು ಜನ ನೋಡೋ ಹಾಗೆ."

ಹಾಲೇಶ್ ಆರಿದ ರೊಟ್ಟಿಯನ್ನು ಮುರಿದು ಹಾಗೇ ತಟ್ಟೆಯಲ್ಲಿಟ್ಟ. ಆಮೇಲೆ ಒಲ್ಲದ ಮನಸ್ಸಿನಿಂದ, "ಹಗ್ಗ ಯಾರು ಹಿಡೀತಾರೆ ಮೇಲೆ?" ಎಂದು ಕೇಳಿದ.

*

ಪರೀಕ್ಷೆಯ ಮುಳುಗಿಗೆ ಮೂವರೇ ಹೋದರು. ಹಾಲೇಶ್ ದೋಣಿಯಲ್ಲಿ ಹಗ್ಗ ಹಿಡಿದು ಕೂತ. ಇಂಪನಾಳ ಜೊತೆ ಇಳಿದವನು ಮುರುಡೇಶ್ವರದ ದೋಣಿಯ ಗೆಳೆಯ ಸುಘೋಷ, ಕೈಯಲ್ಲಿ ಕ್ಯಾಮೆರಾ.

ಮೊದಲ ಇಪ್ಪತ್ತು ಅಡಿ ಹಸಿರು. ಆಮೇಲೆ ಆ ಗೆರೆ ಬಂತು, ಕಾಲಿನಿಂದ ಶುರುವಾಗಿ ತಲೆಯವರೆಗೆ ಯಾರೋ ತಣ್ಣನೆ ಒದ್ದೆ ಸೀರೆ ಹೊದಿಸಿದ ಹಾಗೆ. ಸೂಟಿನೊಳಗೂ ಚಳಿ ನುಗ್ಗಿ ಹಲ್ಲು ಕಟಕಟ ಎಂದವು. ಬೆಳಕು ಕಂದಾಯಿತು, ಕಪ್ಪಾಯಿತು. ಟಾರ್ಚಿನ ಕೋಲಿನಲ್ಲಿ ಧೂಳು ಹಾರುತ್ತಿತ್ತು. ಆ ಧೂಳಿನ ನಡುವೆ, ಕೆಸರಿನಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು, ಗಿರಿಜಾ ಕೂತಿತ್ತು. ನಿಜವಾಗಿ ಕೂತಿತ್ತು! ಬೆಂಚುಗಳು ಹಾಗೇ ಇದ್ದವು. ಕಿಟಕಿ ಪಕ್ಕದ ಸೀಟಿನ ಕೆಳಗಿಂದ ಒಂದು ಮೀನು ಹೊರಟು ನಿಧಾನವಾಗಿ ಹೋಯಿತು. ಇಂಪನಾಳಿಗೆ ಆ ಚಳಿಯಲ್ಲೂ ನಗು ಬಂತು.

ಮೂತಿಯ ಕಡೆ ತಿರುಗುವಾಗ ನಗು ಹೋಯಿತು. ಅಪ್ಪನ ಮಾತು ನೆನಪಾಯಿತು. ಬಾಯಿ ತೆರೆದಿದ್ದರೆ?

ಪೆಟ್ಟಿಗೆ ಇತ್ತು. ಮುಚ್ಚಳ ಮುಚ್ಚಿತ್ತು. ಚಿಲಕದ ಮೇಲೆ ಪಾಚಿಯ ಮುದ್ದೆಯೊಂದು ತೂಗುತ್ತಿತ್ತು. ಗವಸಿನ ಹೆಬ್ಬೆರಳಿನಿಂದ ಅದನ್ನು ಉಜ್ಜಿದಳು. ಹಿತ್ತಾಳೆ. ಇನ್ನೂ ಉಜ್ಜಿದಳು. ಚುಕ್ಕಿ ಚುಕ್ಕಿಯಾಗಿ ಎರಡು ಅಕ್ಷರ ಮೇಲೆದ್ದವು.

ಹೊ.ಪ.

ಬೀಗದ ಸುತ್ತ ಕಬ್ಬಿಣದ ಮುಚ್ಚಳವೆಲ್ಲ ನಜ್ಜುಗುಜ್ಜಾಗಿತ್ತು. ಒಂದಲ್ಲ, ಹತ್ತಲ್ಲ, ಎಣಿಸಲಾಗದಷ್ಟು ಗುಳಿ. ಚಿಲಕದ ಸಂದಿನಲ್ಲಿ ಇಂಜಿನ್ ತಿರುಗಿಸುವ ಹ್ಯಾಂಡಲ್ಲು ಸಿಕ್ಕಿಕೊಂಡಿತ್ತು, ಮೀಟಲು ಹೋದವನು ಆಗಷ್ಟೇ ಕೈಬಿಟ್ಟಂತೆ. ಮೂವತ್ತೆಂಟು ವರ್ಷ ನೀರು ಅದನ್ನು ಅಲುಗಿಸಿರಲಿಲ್ಲ. ಇಂಪನಾ ಗವಸು ಕಳಚಿ ಬರಿಗೈಯಲ್ಲಿ ಆ ಹ್ಯಾಂಡಲ್ಲು ಹಿಡಿದಳು. ಮಾಸ್ಕಿನೊಳಗೆ ಕಣ್ಣೀರು ತುಂಬಿತು. ನೀರೊಳಗೆ ಅಳುವುದು ಎಷ್ಟು ಕಷ್ಟವೆಂದು ಅವಳಿಗೆ ಅಂದೇ ಗೊತ್ತಾದದ್ದು. ಒರೆಸಿಕೊಳ್ಳಲು ಆಗುವುದಿಲ್ಲ.

ಸುಘೋಷ ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿದ. ಆಮೇಲೆ ಅವಳು ಸೊಂಟದಿಂದ ಗರಗಸ ತೆಗೆದು ಚಿಲಕವನ್ನು ಕೊಯ್ದಳು. ಬೀಗ ಕೈಗೆ ಬಂತು. ಅದೇ ಕ್ಷಣ ಮುಚ್ಚಳ ಒಳಗಿನಿಂದ ಮೆಲ್ಲನೆ ಎದ್ದಿತು.

ಒಳಗೆ ಯಾರೋ ತಳ್ಳುತ್ತಿದ್ದರು.

ಇಂಪನಾ ಹಿಂದಕ್ಕೆ ಸರಿದಳು. ಅಜ್ಜಿಯ ಕಥೆಗಳಲ್ಲಿನ ದೆವ್ವಗಳೆಲ್ಲ ಒಮ್ಮೆಗೇ ಕಣ್ಮುಂದೆ ಬಂದವು. ಮರುಗಳಿಗೆ ಅರ್ಥವಾಯಿತು: ಟ್ಯೂಬುಗಳು. ಕ್ಯಾನ್ವಾಸಿನೊಳಗೆ ಥರ್ಮಕೋಲ್ ತುಂಬಿ ಹೊಲಿದ ಆ ಬಳೆಗಳಲ್ಲಿ ಕೆಲವಕ್ಕೆ ಇನ್ನೂ ಜೀವ ಇತ್ತು. ಮೇಲೆ ಹೋಗಲು ಅವು ಅಂದಿನಿಂದ ಮುಚ್ಚಳಕ್ಕೆ ತಲೆ ಕೊಟ್ಟು ಕಾದಿದ್ದವು.

ಬಿಡಬಹುದಿತ್ತು. ಬಿಟ್ಟಿದ್ದರೆ ಅಪ್ಪ ಅಲ್ಲೇ ದೋಣಿಯಲ್ಲಿ ಕೂತು ನೋಡುತ್ತಿದ್ದ. ಆದರೆ ಇಂಪನಾ ಮುಚ್ಚಳದ ಮೇಲೆ ಹತ್ತಿ ಕೂತಳು. ಇನ್ನು ಸ್ವಲ್ಪ ದಿನ ತಡೀರಪ್ಪ, ಎಂದುಕೊಂಡಳು, ನಿಮ್ಮನ್ನು ನೋಡಬೇಕಾದವರು ಇನ್ನೂ ಬಂದಿಲ್ಲ. ನೈಲಾನ್ ಹಗ್ಗ ಸುತ್ತಿ ಜಾರುಗಂಟು ಹಾಕಿದಳು. ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವ ಗಂಟು. ಲಾಂಚನ್ನು ದಡಕ್ಕೆ ಕಟ್ಟಲು ಅಜ್ಜ ಹಾಕುತ್ತಿದ್ದದ್ದು, ಅಪ್ಪನಿಗೆ ಕಲಿಸಿದ್ದು, ಅಪ್ಪ ಅವಳಿಗೆ ಕಲಿಸಿದ್ದು.

ಮೇಲೆ ಬಂದು, ತುಟಿ ನೀಲಿಗಟ್ಟಿ ಮಾತು ಹೊರಡದೆ, ಬೀಗವನ್ನು ಅಪ್ಪನ ಅಂಗೈಯಲ್ಲಿಟ್ಟಳು. ಹಾಲೇಶ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕಬ್ಬಿಣದ ಜೊತೆ ಕಳೆದ ಮನುಷ್ಯ. ಬೀಗದ ಬೆನ್ನ ಮೇಲಿನ ಗುಳಿಗಳ ಮೇಲೆ ಬೆರಳಾಡಿಸಿ, "ಏಟು ಎಲ್ಲಾ ಮೇಲಿಂದ ಬಿದ್ದಿದಾವೆ," ಎಂದ. "ಮೊಣಕಾಲೂರಿ ಹೊಡ್ದಿದಾರೆ ಕಣೆ. ನೀರು ಆಗಲೇ ಸೊಂಟಕ್ಕೆ ಬಂದಿರ್ಬೇಕು." ಆಮೇಲೆ ಮುಖ ತಿರುಗಿಸಿ ಹಗ್ಗ ಸುತ್ತತೊಡಗಿದ.

*

ಭದ್ರಾವತಿ ಪೇಟೆಯ ಬೀಗ ರಿಪೇರಿ ಮೂರ್ತಪ್ಪ ಆ ಬೀಗವನ್ನು ಎಂಟು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಹುಣಸೆಹಣ್ಣು ಹಚ್ಚಿ ತಿಕ್ಕಿದ. ಒಳಗಿನ ತುಕ್ಕು ಹಿಡಿದ ಸ್ಪ್ರಿಂಗು ಬದಲಾಯಿಸಿದ.

"ಎಲ್ಲಿತ್ತು ಮಾರಾಯ್ತಿ ಇದು? ಹಿತ್ತಾಳೆ ಅಂದ್ರೆ ಹಿತ್ತಾಳೆ. ಇಂಥ ಮಾಲು ಈಗ ಬರಲ್ಲ. ಕೀಲಿ ಮಾಡಿಕೊಡ್ಲಾ?"

"ಬೇಡ ಮೂರ್ತಪ್ಪಣ್ಣ. ಕೀಲಿ ಇದೆ."

ಇದೆಯೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಮರುದಿನವೇ ರವೀಂದ್ರನಗರಕ್ಕೆ ಹೋದಳು. ಮುದುಕರು ಒಳಗೆ ಊಟದ ನಿದ್ದೆಯಲ್ಲಿದ್ದರು. ರೆಸಾರ್ಟಿನ ಗಾಜಿನ ಕಪಾಟಿಗೆ ಲಾಂಚಿನ ಹಳೇ ಸಾಮಾನು ಏನಾದರೂ ಬೇಕೆಂದಾಗ ಜ್ಞಾನೇಶ್ ಒಂದು ಫೋಟೋ, ಒಂದು ತಗಡಿನ ಬೋರ್ಡು ತಂದ. ಉಮಾಮಹೇಶ್ವರಮ್ಮ ಯೋಚಿಸಿ, ಗೊಂಚಲು ತಂದು, ಒಂದೊಂದೇ ಕೀಲಿ ಸರಿಸುತ್ತ ಹೋದರು. ಕೊನೆಗೊಂದು ಗಿಡ್ಡ ಕೀಲಿಯ ಹತ್ತಿರ ನಿಂತರು.

"ಇದು ಲಾಂಚಿಂದೇ. ಮುಂದಿನ ಪೆಟ್ಟಿಗೇದು."

ಇಂಪನಾ ಆ ಕೀಲಿಯನ್ನೇ ನೋಡಿದಳು. "ಅದು ಮನೇಲಿ ಯಾಕಿತ್ತಮ್ಮ?"

"ಇನ್ನೆಲ್ಲಿರುತ್ತೆ? ಟ್ಯೂಬು ಲೈಸೆನ್ಸಿಗೆ ಅಂತ ತಂದಿದ್ದಲ್ವಾ. ತೆರೆದಿಟ್ರೆ ಸಂತೆಯೋರು ತಗಂಡೋಗಿ ಮಕ್ಕಳಿಗೆ ಈಜು ಕಲಿಸ್ತಾರೆ ಅಂತ ಇವರಿಗೆ ಸಿಟ್ಟು. ಆಫೀಸರ್ ತಪಾಸಣೆಗೆ ಬರೋ ದಿನ ಬೆಳಿಗ್ಗೆ ಕೀಲಿ ತಗಂಡೋಗೋರು, ಸಂಜೆ ತಂದು ನನ್ನ ಕೈಗೇ ಕೊಡೋರು. ವರ್ಷಕ್ಕೊಂದ್ಸಲ."

ಹೇಳುವಾಗ ಆಕೆಯ ಮುಖದಲ್ಲಿ ಏನೂ ಕಾಣಲಿಲ್ಲ. ವಿಚಾರಣೆಯಲ್ಲಿ ಗಂಡ ಏನು ಹೇಳಿದ್ದರೆಂದು ಆ ಮನೆಯ ಅಡುಗೆಮನೆಗೆ ಯಾರೂ ಬಂದು ತಿಳಿಸಿರಲಿಲ್ಲ. ಮೂವತ್ತೆಂಟು ವರ್ಷ, ಪ್ರತಿ ಶುಕ್ರವಾರ, ಆಕೆ ಅದಕ್ಕೆ ಕುಂಕುಮ ಹಚ್ಚಿದ್ದರು.

"ಉದ್ಘಾಟನೆ ದಿನ ಗೊಂಚಲನ್ನ ನೀವೇ ತನ್ನಿ ಅಮ್ಮ," ಎಂದಳು ಇಂಪನಾ. "ಮನೆ ಲಕ್ಷ್ಮಿ ಅಲ್ವಾ, ನಿಮ್ಮ ಕೈಲೇ ಇರ್ಲಿ."

ಜ್ಞಾನೇಶನಿಗೆ ಹೇಳಿದ್ದು ಇನ್ನೊಂದು. "ಟೇಪ್ ಕಟ್ ಮಾಡೋದು ಎಲ್ಲಾ ಕಡೆ ಇದ್ದದ್ದೇ ಸರ್. ಇಲ್ಲಿ ತಾತನೋರು ಒಂದು ಹಗ್ಗ ಎಳೀಲಿ. ಕೆಳಗಿಂದ ಒಂದು ವಿಶೇಷ ಮೇಲೆ ಬರುತ್ತೆ."

"ಏನು ಬರುತ್ತೆ?"

"ಅವರದ್ದೇ ಸರ್. ಅವರಿಗೇ ವಾಪಸ್."

*

ಮಾಘದ ಭಾನುವಾರ ಬೆಳಿಗ್ಗೆ ಹಿನ್ನೀರು ಕನ್ನಡಿಯ ಹಾಗಿತ್ತು. ನೀಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿದ ತೇಲುವ ಕಟ್ಟೆ, ಮೇಲೆ ಶಾಮಿಯಾನ, ಮೂವತ್ತು ಕುರ್ಚಿ. ನಡುವಿನ ದೊಡ್ಡ ಕುರ್ಚಿಯಲ್ಲಿ ಪರಮೇಶ್ವರಪ್ಪನವರು, ಮೈಸೂರು ಪೇಟ, ಹೆಗಲ ಮೇಲೆ ಶಾಲು. ಪಕ್ಕದಲ್ಲಿ ಉಮಾಮಹೇಶ್ವರಮ್ಮ, ಮಡಿಲಲ್ಲಿ ಗೊಂಚಲು. ಕೊನೇ ಸಾಲಿನಲ್ಲಿ ಹಾಲೇಶ್ ಮತ್ತು ಮಾಸ್ತಮ್ಮ. ಆ ಮುದುಕಿ ಯಾರೆಂದು ಒಬ್ಬರೂ ಕೇಳಲಿಲ್ಲ. ಸುಘೋಷ ಆಗಲೇ ಕೆಳಗೆ ಇಳಿದು ಪೆಟ್ಟಿಗೆಯ ಹತ್ತಿರ ಕಾದಿದ್ದ.

ಜ್ಞಾನೇಶ್ ಮೈಕಿನಲ್ಲಿ ತಾತನ ಗುಣಗಾನ ಮಾಡಿದ. ಇಂಪನಾ ಪೆಟ್ಟಿಗೆಯ ಜಾರುಗಂಟಿನಿಂದ ಮೇಲೆ ತಂದ ಹಗ್ಗದ ತುದಿಯನ್ನು ಹೂವಿನ ತಟ್ಟೆಯಲ್ಲಿಟ್ಟು ಮುದುಕರ ಮುಂದೆ ಹಿಡಿದಳು. ನೀರಿಗಿಳಿದಿದ್ದರೆ ಈ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಅವಳು ಅಂದು ನೀರಿಗಿಳಿಯಲಿಲ್ಲ.

"ಎಳೀರಿ ಯಜಮಾನ್ರೆ. ಜೋರಾಗಿ."

ಅವರು ನಗುತ್ತಾ ಎಳೆದರು. ಜನ ಚಪ್ಪಾಳೆ ತಟ್ಟಿದರು. ಏನೂ ಆಗಲಿಲ್ಲ. ಚಪ್ಪಾಳೆ ನಿಂತಿತು. ಆಮೇಲೆ ನೀರಿನಲ್ಲಿ ಗುಳ್ಳೆ ಎದ್ದವು, ಮತ್ತೆ ಎದ್ದವು, ಕಪ್ಪನೆಯ ಒಂದು ಬಳೆ ಬುಳಕ್ಕೆಂದು ಮೇಲೆ ಬಂದು ಸುತ್ತು ತಿರುಗಿ ನಿಂತಿತು. ಎರಡನೆಯದು. ಮೂರು. ಕೆಸರಿನ ವಾಸನೆ ಶಾಮಿಯಾನದ ಕೆಳಗೆಲ್ಲ ತುಂಬಿತು. ಒಟ್ಟು ಐದು ಬಂದವು. ಉಳಿದ ಏಳು ನೀರು ಕುಡಿದು ತಳದಲ್ಲೇ ಉಳಿದವು. ಒಂದರ ಮೇಲೆ ಕೆಂಪು ಬಣ್ಣದ ಅಕ್ಷರ ಇನ್ನೂ ಓದುವಂತಿತ್ತು: ಗಿರಿಜಾ.

ಪರಮೇಶ್ವರಪ್ಪನವರ ಕೈಯಲ್ಲಿ ಹಗ್ಗ ಹಾಗೇ ಇತ್ತು. ನಗು ಮುಖದ ಮೇಲೆ ಉಳಿದಿತ್ತು, ಮನುಷ್ಯ ಮಾತ್ರ ಅದರ ಹಿಂದಿನಿಂದ ಎದ್ದುಹೋಗಿದ್ದ.

"ಹನ್ನೆರಡು ಟ್ಯೂಬು," ಎಂದಳು ಇಂಪನಾ, ಮೈಕಿಲ್ಲದೆ, ಕೊನೇ ಸಾಲಿಗೂ ಕೇಳುವಂತೆ. "ಸತ್ತೋರು ಹನ್ನೊಂದು ಜನ. ಪೆಟ್ಟಿಗೆ ಬಾಯಿ ತೆರೆದಿತ್ತು ಅಂದಿದ್ರಲ್ಲ ಯಜಮಾನ್ರೆ? ಹಾಗಿದ್ರೆ ಇವು ಅವತ್ತೇ ಮೇಲೆ ಬರ್ಬೇಕಿತ್ತು. ಯಾಕೆ ಇವತ್ತು ಬಂದ್ವು?" ಚೀಲದಿಂದ ಬೀಗ ತೆಗೆದು ಅವರ ತೊಡೆಯ ಮೇಲಿಟ್ಟಳು. "ಇದಿತ್ತು, ಅದಕ್ಕೆ. ನೀರೊಳಗಿನ ವಿಡಿಯೋನೂ ಇದೆ."

ಜ್ಞಾನೇಶ್ ಬಗ್ಗಿ ಓದಿದ. "ಹೊ.ಪ.... ತಾತ? ಬೀಗ ಇರ್ಲಿಲ್ಲ ಅಂತ ಹೇ..."

"ಯಾವನೋ ಆಮೇಲೆ ಹಾಕಿರ್ಬೇಕು!" ಎಂದು ಮುದುಕರು ಗುಡುಗಿದರು.

"ನೀರೊಳಗೆ ಹೋಗಿಯಾ?" ಕೊನೇ ಸಾಲಿನಿಂದ ಮಾಸ್ತಮ್ಮನ ದನಿ ಬಂತು. "ಉಸಿರು ಕಟ್ಕಂಡು, ನಿಮ್ಮ ಹೆಸರು ಕೊರೆಸ್ಕಂಡು?"

ಯಾರೋ ಕಿಸಕ್ಕನೆ ನಕ್ಕರು.

"ಅದು ನಂದಲ್ಲ! ನಂದಲ್ಲ ಅದು!"

ಉಮಾಮಹೇಶ್ವರಮ್ಮ ಗಂಡನ ತೊಡೆಯಿಂದ ಬೀಗ ಎತ್ತಿಕೊಂಡರು. ಅದರ ಮೇಲಿನ ಗುಳಿಗಳನ್ನು ಕಂಡರು, ನೀರಿನಲ್ಲಿ ತೇಲುತ್ತಿದ್ದ ಬಳೆಗಳನ್ನು ಕಂಡರು. ಬಹಳ ನಿಧಾನವಾಗಿ ಗೊಂಚಲಿನ ಗಿಡ್ಡ ಕೀಲಿ ಆರಿಸಿ ಒಳಗಿಟ್ಟು ತಿರುಗಿಸಿದರು. ಅಷ್ಟು ಜನರ ನಡುವೆ ಆ ಸದ್ದು ಸ್ಪಷ್ಟವಾಗಿ ಕೇಳಿಸಿತು. ಟಕ್. ಬೀಗ ಬಾಯಿ ಬಿಟ್ಟಿತು.

"ನಿಮ್ದೇ ಕಣ್ರೀ," ಎಂದರು ಆಕೆ. "ನನ್ನ ಕೈಲಿ ಪೂಜೆ ಮಾಡಿಸಿದ್ರಲ್ಲ."

ಕೀಲಿಯನ್ನು ಗೊಂಚಲಿನಿಂದ ಕಳಚಿ ಗಂಡನ ಪಾದದ ಹತ್ತಿರ ಬಿಸುಟು, ಎದ್ದು ದಡಕ್ಕೆ ಹೋಗುವ ದೋಣಿಯ ಕಡೆ ನಡೆದರು.

ಆಗ ಮಾಸ್ತಮ್ಮ ಮುಂದೆ ಬಂದಳು. ಹಾಲೇಶ್ ನೀರಿನಿಂದ ಎತ್ತಿಕೊಟ್ಟ ಟ್ಯೂಬೊಂದು ಅವಳ ಕೈಯಲ್ಲಿತ್ತು, ಸೋರುತ್ತಿತ್ತು. ಕಾರ್ಯಕ್ರಮ ಪಟ್ಟಿಯಲ್ಲಿ ಮುಂದಿನದು ಹಾರ ಹಾಕುವುದೇ ಇತ್ತು. ಅವಳು ಮುದುಕರ ಪೇಟ ತೆಗೆದು ಪಕ್ಕದವರ ಕೈಗೆ ಕೊಟ್ಟು, ಆ ಕೊಳೆತ ಕ್ಯಾನ್ವಾಸಿನ ಬಳೆಯನ್ನು ಪರಮೇಶ್ವರಪ್ಪನವರ ಕೊರಳಿಗೆ ಹಾಕಿದಳು. ಕಪ್ಪು ಕೆಸರು ಬಿಳಿ ಅಂಗಿಯ ಮೇಲೆ, ವಿಭೂತಿಯ ಮೇಲೆ, ಶಾಲಿನ ಜರಿಯ ಮೇಲೆ ಇಳಿಯಿತು.

"ಟ್ಯೂಬ್ ಶೇಷಪ್ಪನ ಹೆಂಡ್ತಿ ನಾನು. ಇಟ್ಕಳ್ಳಿ ಯಜಮಾನ್ರೆ. ನಮ್ಮನೇಲಿ ಇತ್ತು ಅಂತ ಹೇಳ್ತಿದ್ರಲ್ಲ, ಹುಡುಕಿ ತಂದ್ವಿ."

ಅವರು ಕೈ ಎತ್ತಿ ಎಳೆದರು; ಸೋರುವ ಬಳೆ ಜಾರಿ ಮತ್ತೆ ಕೊರಳಿಗೇ ಬಿತ್ತು. ಸಹಾಯಕ್ಕೆ ಯಾರೂ ಏಳಲಿಲ್ಲ, ಮೊಮ್ಮಗನೂ. ಕುರ್ಚಿಗಳ ನಡುವೆ ಎಲ್ಲೋ ಒಬ್ಬ ಕೆನ್ನೆ ಉಬ್ಬಿಸಿ ಮೆಲ್ಲಗೆ "ಪುಸ್ಸ್" ಅಂದ. ಇಂಪನಾ ಕಣ್ಣು ಮುಚ್ಚಿ ಆ ಸದ್ದು ಕೇಳಿದಳು. ಬೆಲ್ಲ ಬಾಯಲ್ಲಿ ಕರಗುವ ಹಾಗೆ, ಪೂರ್ತಿ ಕರಗುವವರೆಗೆ ಕೇಳಿದಳು.

*

ವಾಪಸು ಬರುವಾಗ ಹಾಲೇಶ್ ಓಮ್ನಿ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗಳು. ಅಜ್ಜಿಯ ಮಡಿಲಲ್ಲಿ ಇನ್ನೊಂದು ಟ್ಯೂಬು. ಕೊಡುವುದಿಲ್ಲವೆಂದು ಹಟ ಹಿಡಿದು ತಂದಿದ್ದಳು.

"ಅವನ ಮುಖ ನೋಡಿದ್ಯಾ ಅಜ್ಜಿ? ಮುಖ?"

"ನೋಡ್ದೆ."

"ನಾಳೆ ಪೇಟೆ ತುಂಬ ಅವನದ್ದೇ ಮಾತು. ಟ್ಯೂಬ್ ಪರಮೇಶ್ವರಪ್ಪ!"

ಅಜ್ಜಿ ನಗಲಿಲ್ಲ. ಬಳೆಯ ಹೊಲಿಗೆಯ ಮೇಲೆ ಉಗುರಾಡಿಸುತ್ತಿದ್ದಳು. "ಹ್ಯಾಂಡಲ್ಲು ನಿಜಕ್ಕೂ ಇತ್ತಾ ಇಂಪಿ? ಸಂದೀಲಿ ಸಿಕ್ಕಂಡಿತ್ತಾ?"

"ಇತ್ತು ಅಜ್ಜಿ. ನೀನೇ ಹೇಳಿದ್ಯಲ್ಲ ಚಿಕ್ಕಂದಿನಿಂದ."

"ಹೇಳ್ದೆ." ಭದ್ರಾವತಿಯ ಚಿಮಣಿಗಳು ದೂರದಲ್ಲಿ ಕಂಡವು. "ಅವತ್ತು ಮನೆಗೆ ಬಂದಾಗ ಅವರ ಅಂಗೈ ನೋಡಿದ್ದೆ. ಚರ್ಮ ಇರ್ಲಿಲ್ಲ. ಅದನ್ನ ನೋಡಿನೂ ವಿಚಾರಣೆ ಆದ್ಮೇಲೆ ಕೇಳ್ದೆ ಕಣೆ, 'ನಿಜ ಹೇಳಿ, ಬೀಗ ಇತ್ತಾ?' ಅಂತ. ಇತ್ತು, ಹ್ಯಾಂಡಲ್ ತಗಂಡು ಬಡಿದೆ, ಬಿಡಲಿಲ್ಲ ಅಂದ್ರು. ನಾನು ನಂಬ್ಲಿಲ್ಲ, ಒಲೆ ಕಡೆ ತಿರುಗಿಬಿಟ್ಟೆ. ಊರೆಲ್ಲ ಬೀಗ ಇರ್ಲಿಲ್ಲ ಅಂತ ಹೇಳ್ತಿತ್ತಲ್ಲ. ಆಮೇಲೆ ಹದಿನೇಳು ವರ್ಷ ಬದುಕಿದ್ರು, ಒಂದು ದಿನಾನೂ ಆ ಮಾತೆತ್ತಲಿಲ್ಲ. ಹೆಣ ಎತ್ತಿದ ಮೇಲೆ ನಿನಗೆ ಕಥೆ ಹೇಳೋಕೆ ಶುರು ಮಾಡ್ದೆ."

ಇಂಪನಾ ಅಜ್ಜಿಯ ಕಡೆ ತಿರುಗಿದಳು. ಮುಂದಿನ ಕನ್ನಡಿಯಲ್ಲಿ ಅಪ್ಪನ ಕಣ್ಣು ಕಂಡಿತು, ಮತ್ತೆ ರಸ್ತೆಗೆ ಹೋಯಿತು.

ಗಾಡಿ ಓಣಿಗೆ ತಿರುಗಿತು. ಜಗಲಿಗಳ ಮೇಲೆ ಕೂತಿದ್ದವರು ತಲೆ ಎತ್ತಿದರು. ಆಗ ಮಾಸ್ತಮ್ಮ ಮಡಿಲಿನ ಟ್ಯೂಬನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಕೊರಳಿಗೇ ಹಾಕಿಕೊಂಡಳು. ಕೆಸರು ಸೀರೆಯ ಸೆರಗಿನುದ್ದಕ್ಕೂ ಇಳಿಯಿತು. ಇಂಪನಾ ಗಾಬರಿಯಾಗಿ ತೆಗೆಯಲು ಹೋದಳು. ಅಜ್ಜಿ ಅವಳ ಕೈಗೆ ರಪ್ಪನೆ ಹೊಡೆದಳು.

"ಮುಟ್ಬೇಡ. ಕಿಟಕಿ ಇಳಿಸು ಹಾಲೇಶ, ಗಾಡಿ ನಿಧಾನ ಹೋಗ್ಲಿ. ಎಲ್ರೂ ನೋಡ್ಲಿ."